ನಕ್ಷೆಯಲ್ಲಿ ಖಾಲಿ ಬಿಟ್ಟ ಕೋಣೆ

ಕೊಳ್ಳುವ ಮುಂಚೆ ಮನೆ ನೋಡಿ ಬರೆದುಕೊಡುವ ಕೆಲಸವನ್ನು ನಾನು ಇಪ್ಪತ್ತೆಂಟು ವರ್ಷ ಮಾಡಿದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳ ಆಚೆ ಹೋದವನಲ್ಲ. ನನ್ನ ಸೇವಾ ಪುಸ್ತಕದಲ್ಲಿ ಒಂದು ಛೀಮಾರಿ ಇದೆ. ಈ ನೌಕರ ಹಟಮಾರಿ ಎಂದು ಅದರಲ್ಲಿ ಬರೆದಿದೆ. ನಿವೃತ್ತಿಯ ಹೊತ್ತಿಗೆ ಗುಮಾಸ್ತರೊಬ್ಬರು, ಅರ್ಜಿ ಕೊಟ್ಟರೆ ಅದನ್ನು ತೆಗೆಸಬಹುದು ಎಂದರು. ನಾನು ಕೊಡಲಿಲ್ಲ. ಬರೆದಿರುವ ಮಾತು ನಿಜ. ಅದು ಅಲ್ಲೇ ಇರಲಿ.

ಈಗ ಈ ಕೆಲಸಕ್ಕೆ ಸೇರುವವರು ನನಗಿಂತ ಹೆಚ್ಚು ಓದಿದವರು. ಒಬ್ಬಿಬ್ಬರು ಮನೆಗೆ ಬಂದು, ಗೋಡೆಯನ್ನು ಹೇಗೆ ನೋಡಬೇಕು, ಮರವನ್ನು ಹೇಗೆ ನೋಡಬೇಕು ಎಂದು ಕೇಳುತ್ತಾರೆ. ಹೇಳುತ್ತೇನೆ. ಆದರೆ ನೋಡಲು ಆಗದೆ ಇದ್ದಾಗ ಏನು ಬರೆಯಬೇಕು ಎಂದು ಇದುವರೆಗೆ ಯಾರೂ ಕೇಳಿಲ್ಲ. ನಾನು ಇಲ್ಲಿ ಬರೆಯುತ್ತಿರುವುದು ಅದನ್ನೇ. ನಾನಿದ್ದ ಕಚೇರಿಯ ಹೆಸರು ಬೇಡ. ಅಲ್ಲಿದ್ದವರಲ್ಲಿ ಹಲವರು ಈಗ ಇಲ್ಲ.

ನಮ್ಮದು ಗುರುಪುರದ ಕಡೆ. ಅಪ್ಪ ಕಲ್ಲು ಒಡೆಯುವವನು. ಬಂಡೆಯ ಮೇಲೆ ಸುತ್ತಿಗೆಯನ್ನು ಮೆಲ್ಲಗೆ ತಾಗಿಸಿ ಕಿವಿ ಕೊಟ್ಟರೆ ಒಳಗೆ ಸೀಳು ಇದೆಯೋ ಇಲ್ಲವೋ ಅವನಿಗೆ ತಿಳಿಯುತ್ತಿತ್ತು. ಅವನ ಆ ಕಿವಿ ನನಗೆ ಬಂತು. ಅದರ ಜೊತೆಗೆ ನಾಲ್ಕಕ್ಷರ ಕಲಿತಿದ್ದೆ, ಗೆರೆ ನೇರವಾಗಿ ಎಳೆಯುತ್ತಿದ್ದೆ. ಕಚೇರಿಯಲ್ಲಿ ಮೇಸ್ತ್ರಿಯ ಕೆಲಸ ಸಿಕ್ಕಿತು.

ಮಹಾರಾಜರ ಸರ್ಕಾರದ ನೌಕರರು, ಅಂದರೆ ಮೇಷ್ಟರು, ಗುಮಾಸ್ತರು, ಆಸ್ಪತ್ರೆಯವರು, ಮನೆ ಕೊಳ್ಳಲು ಮುಂಗಡ ಕೇಳಿದರೆ ಆ ಮನೆ ಭದ್ರವಾಗಿದೆ ಎಂಬ ಪತ್ರ ನಮ್ಮ ಕಚೇರಿಯಿಂದ ಹೋಗಬೇಕಿತ್ತು. ಪತ್ರದ ಜೊತೆ ನಕ್ಷೆ. ನಕ್ಷೆಯ ಒಂದೊಂದು ಕೋಣೆಯೊಳಗೂ ಗೋಡೆಯ ದಪ್ಪ, ಎತ್ತರ, ಮೇಲಿನ ಮರ, ಸ್ಥಿತಿ ಇಷ್ಟನ್ನು ಬರೆಯಬೇಕು. ಪತ್ರ ಇಲ್ಲದೆ ಮುಂಗಡ ಇಲ್ಲ. ಮುಂಗಡ ಇಲ್ಲದೆ ಆ ಜನಕ್ಕೆ ಮನೆ ಇಲ್ಲ. ಹೋಗಿ ನೋಡುವವನು ನಾನು, ಕೆಳಗೆ ಸಹಿ ಹಾಕುವವರು ಓವರ್ಸಿಯರು.

ನನ್ನ ಚೀಲದಲ್ಲಿ ಇರುತ್ತಿದ್ದುದು ಅಡಿಗೋಲು, ತೂಗುಗುಂಡು, ಗೋಣಿಚೀಲ ಹೊಲಿಯುವ ಒಂದು ದಬ್ಬಳ. ಆ ದಬ್ಬಳವನ್ನು ಗೋಡೆಯ ಬುಡಕ್ಕೆ ಚುಚ್ಚಿದರೆ, ಎಷ್ಟು ಒಳಗೆ ಹೋಯಿತು ಎಂಬುದರ ಮೇಲೆ ಗೋಡೆಯ ಆಯುಸ್ಸು ಹೇಳಬಹುದು. ಕೊಳ್ಳುವವರು ಮಾತ್ರ ಇದನ್ನೆಲ್ಲ ಆಟ ಎಂದುಕೊಳ್ಳುತ್ತಿದ್ದರು. ಅವರು ಶಾಸ್ತ್ರದ ಆಯ ಕೇಳುತ್ತಿದ್ದರು, ಬಾಗಿಲು ಯಾವ ದಿಕ್ಕಿಗೆ ಎಂದು ಕೇಳುತ್ತಿದ್ದರು. ಗೋಡೆಯ ಬುಡ ನೋಡಲು ಬಗ್ಗಿದವರು ಕಡಿಮೆ.

ಶುರುವಿನ ವರ್ಷಗಳಲ್ಲಿ ಮಿರ್ಲೆಯಲ್ಲಿ ಒಂದು ಮನೆ ನೋಡಿದೆ. ಮಾರುವವನು ಎತ್ತರದ ಆಳು, ಮಾತುಗಾರ. ನೆಲ ಬಂಡೆ ಹಾಗಿದೆ ಎಂದು ಹೇಳಿಕೊಂಡೇ ನನ್ನ ಹಿಂದೆ ಬಂದ. ನಾನು ಒಂದು ಒನಕೆ ಕೇಳಿ ತೆಗೆದುಕೊಂಡು ಬಾಗಿಲಿಂದ ಒಳಕ್ಕೆ ಅಡಿ ಅಡಿಗೂ ನೆಲಕ್ಕೆ ಕುಟ್ಟುತ್ತ ಹೋದೆ. ನಡುಮನೆಯ ಕಂಬದ ಹತ್ತಿರ ದನಿ ಬದಲಾಯಿತು. ಕೆಳಗೆ ಟೊಳ್ಳು. ಏನಿದು ಎಂದು ಕೇಳಿದೆ.

"ಇಲಿ ಬಿಲ ಕಣ್ರೀ. ಯಾರ ಮನೇಲಿಲ್ಲ ಇಲಿ?" ಎಂದ.

ಜಗುಲಿಯ ಮೇಲೆ ಕೂತಿದ್ದ ಅವನ ಅಪ್ಪ, ಕಣ್ಣು ಕಾಣದ ಮುದುಕ, ಅಲ್ಲಿಂದಲೇ ಕೂಗಿದ: "ಇಲಿ ಬಿಲ ಅಲ್ಲ ಕಣ್ಲಾ, ನಿಮ್ಮ ತಾತನ ಹಗೇವು. ಮಣ್ಣು ಮುಚ್ಚಿದ್ದು ನಾನೇಯ."

ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಅದನ್ನು ಅರೆಬರೆ ಮುಚ್ಚಿ ಅದರ ಅಂಚಿನ ಮೇಲೆ ಕಂಬ ನಿಲ್ಲಿಸಿದ್ದರು. ಮನೆ ಕೊಳ್ಳಲೆಂದು ಜೊತೆಗೆ ಬಂದಿದ್ದ ಗುಮಾಸ್ತ ನಕ್ಕು ನಕ್ಕು ಸಾಕಾಗಿ ಊರಿಗೆ ವಾಪಸ್ಸಾದ. ಈ ಕಥೆ ಕಚೇರಿಯಲ್ಲಿ ಹರಡಿತು. ಚಲುವಯ್ಯನ ಕಿವಿಗೆ ನೆಲದ ಹೊಟ್ಟೆ ಕೇಳುತ್ತದೆ ಎಂದು ನನ್ನನ್ನು ಹೊಗಳಿದರು. ನನಗೆ ಅಹಂಕಾರ ಬಂತು. ಅದು ಬಂದದ್ದರಿಂದಲೇ ಮುಂದಿನದು ನಡೆಯಿತು ಎಂದು ಹೇಳಲಾರೆ. ಆದರೆ ಇದು ಮೊದಲು, ಅದು ಆಮೇಲೆ. ಆ ಕ್ರಮದಲ್ಲೇ ಬರೆಯುತ್ತೇನೆ.

ಹುಣಸೂರಿನಲ್ಲಿ ನಂಜಪ್ಪ ಮೇಷ್ಟರು ಎಂದು ಪ್ರೈಮರಿ ಸ್ಕೂಲಿನವರು ಒಂದು ಮನೆ ಕೊಳ್ಳಲು ಹೊರಟಿದ್ದರು. ಸಂತೆಮಾಳದ ಹಿಂದಿನ ಬೀದಿ. ಪಡಸಾಲೆ, ನಡುಮನೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಗೆ ಅಂಟಿಕೊಂಡು ಆಚೆ ಬಚ್ಚಲು. ಮಾರುವವರು ಮರದ ವ್ಯಾಪಾರಿಗಳು. ತೊಲೆ, ಜಂತೆ ಎಲ್ಲ ಒಳ್ಳೆಯ ಹೊನ್ನೆ ಮರ. ನಾನು ಪಡಸಾಲೆ ನೋಡಿದೆ, ನಡುಮನೆ ನೋಡಿದೆ, ಹಂಚಿನ ಮೇಲೂ ಹತ್ತಿ ಇಳಿದೆ. ಅಡುಗೆಮನೆಯ ಹೊಸಿಲಿನ ಹತ್ತಿರ ಬಂದಾಗ ಆ ಮನೆಯ ಯಜಮಾನರು, ಅಲ್ಲಿಂದಲೇ ನೋಡಿ ಎಂದರು. ಒಳಗೆ ಅಡುಗೆ ಆಗುತ್ತಿತ್ತು.

ಇದರಲ್ಲಿ ಅವರದೊಂದೇ ತಪ್ಪಲ್ಲ. ಬೇರೆ ಜಾತಿಯವರನ್ನು ಅಡುಗೆಮನೆಗೂ ದೇವರ ಮನೆಗೂ ಬಿಡುವ ರೂಢಿ ಆಗ ಎಲ್ಲೂ ಇರಲಿಲ್ಲ. ನಮ್ಮ ಮನೆಯಲ್ಲೂ, ನಮಗಿಂತ ಕೆಳಗಿನವರು ಎಂದು ನಾವು ಎಣಿಸಿಕೊಂಡಿದ್ದವರನ್ನು ನಮ್ಮವ್ವ ಬಿಡುತ್ತಿರಲಿಲ್ಲ. ಹಾಗಾಗಿ ನನಗೆ ಅದು ವಿಚಿತ್ರ ಅನ್ನಿಸಲಿಲ್ಲ. ಹೊಸಿಲ ಈಚೆಯೇ ನಿಂತೆ. ಅಲ್ಲಿಂದ ಕಂಡದ್ದು ಒಲೆಯ ಪಕ್ಕದ ಮೂರ್ನಾಲ್ಕು ಅಡಿ ಗೋಡೆ, ಅದಕ್ಕೆ ಹೊಸದಾಗಿ ಬಳಿದ ಸುಣ್ಣ. ಒಲೆಯ ಹಿಂದಿನ ಗೋಡೆ ಕಾಣುತ್ತಿರಲಿಲ್ಲ. ಅದೂ ನಡುಮನೆಯ ಗೋಡೆಯ ಹಾಗೆಯೇ, ಒಂದೇ ಸಲ ಕಟ್ಟಿದ್ದು ಎಂದು ಯಜಮಾನರು ಹೇಳಿದರು. ನಾನು ನಕ್ಷೆಯ ಆ ಕೋಣೆಯೊಳಗೆ "ಗೋಡೆ ಒಂದೂವರೆ ಅಡಿ, ಸುಸ್ಥಿತಿ" ಎಂದು ಬರೆದೆ. ಎಲ್ಲರೂ ಹಾಗೇ ಬರೆಯುತ್ತಿದ್ದರು.

ಮುಂದಿನ ಮಳೆಗಾಲದಲ್ಲಿ ಮೂರು ದಿನ ಹೊಯ್ದ ಮಳೆ ನಿಂತು ಬಿಸಿಲು ಬಂದಿತ್ತು. ಮಣ್ಣಿನ ಗೋಡೆ ಹೆಚ್ಚಾಗಿ ಬೀಳುವುದು ಮಳೆಯಲ್ಲಲ್ಲ, ನೆನೆದದ್ದು ಒಣಗುವಾಗ. ಮಧ್ಯಾಹ್ನ ಒಬ್ಬರು ಕಚೇರಿಗೆ ಬಂದು, ಮೇಷ್ಟರ ಮನೆ ಗೋಡೆ ಬಿತ್ತು ಎಂದರು. ಯಾವ ಗೋಡೆ ಎಂದು ನಾನು ಕೇಳಲಿಲ್ಲ. ಹೋಗುವ ದಾರಿಯಲ್ಲಿ ನನಗೆ ಗೊತ್ತಿತ್ತು.

ನಾನು ಹೋದಾಗ ಮೇಷ್ಟರ ಹೆಂಡತಿ ಸಾಕಮ್ಮನವರನ್ನು ಹೊರಗೆ ತೆಗೆದು ಜಗುಲಿಯ ಮೇಲೆ ಮಲಗಿಸಿದ್ದರು. ಒಂದು ಕಾಲು ಇರಬೇಕಾದ ರೀತಿಯಲ್ಲಿ ಇರಲಿಲ್ಲ. ತಲೆಕೂದಲು, ಹುಬ್ಬು ಎಲ್ಲ ಸುಣ್ಣದ ಧೂಳು. ಕೈಯಲ್ಲಿ ಸೌಟು ಹಿಡಿದೇ ಇದ್ದರು. ಅದನ್ನು ಬಿಡಿಸಲು ಯಾರಿಗೂ ತೋಚಿರಲಿಲ್ಲ. ಅವರನ್ನು ಗಾಡಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ ಮೇಲೆ ನಾನು ಮೊದಲ ಸಲ ಆ ಅಡುಗೆಮನೆಯೊಳಗೆ ಕಾಲಿಟ್ಟೆ. ಈಗ ತಡೆಯುವವರು ಇರಲಿಲ್ಲ. ಒಲೆಯ ಹಿಂದಿನ ಗೋಡೆ ಹಸಿ ಇಟ್ಟಿಗೆಯದು. ಆಚೆ ಬಚ್ಚಲಿನ ನೀರು ವರ್ಷಗಟ್ಟಲೆ ಕುಡಿದು ಬುಡದಿಂದ ಮೊಣಕಾಲೆತ್ತರ ಕಲಸಿದ ಹಿಟ್ಟಾಗಿತ್ತು. ಮೇಲೆ ಮಾತ್ರ ಬೆಳ್ಳಗೆ ಗಾರೆ. ಉಳಿದಿದ್ದ ತುಂಡಿಗೆ ದಬ್ಬಳ ಚುಚ್ಚಿದೆ. ಹಿಡಿಯ ತನಕ ಹೋಯಿತು. ಹೊಸಿಲು ದಾಟಿ ಒಂದೇ ಒಂದು ಸಲ ಚುಚ್ಚಿದ್ದರೆ ಸಾಕಿತ್ತು.

ಹದಿನೈದು ದಿನ ಬಿಟ್ಟು ಆಸ್ಪತ್ರೆಗೆ ಹೋದೆ. ಸಾಕಮ್ಮನವರು ನನ್ನನ್ನು ಗುರುತಿಸಿ ಕೂರಲು ಹೇಳಿದರು.

"ಅಣ್ಣಯ್ಯ, ಆ ಗ್ವಾಡೆ ನೀವು ನೋಡಿದ್ರಾ?"

"ಇಲ್ಲ ಕಣವ್ವ."

"ಮತ್ತೆ ಬರ್ದಿದ್ರಲ್ಲ."

ಬೈಯಲು ಕೇಳಿದ ಮಾತಲ್ಲ ಅದು. ಅವರಿಗೆ ಅರ್ಥವಾಗಿರಲಿಲ್ಲ, ತಿಳಿದುಕೊಳ್ಳಬೇಕಿತ್ತು. ಅವರು ಬದುಕಿದರು. ಆದರೆ ಮತ್ತೆ ಕೋಲಿಲ್ಲದೆ ನಡೆಯಲಿಲ್ಲ, ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂರಲಿಲ್ಲ.

ಕಚೇರಿಯಿಂದ ವರದಿ ಹೋಗಬೇಕಿತ್ತು. ನಮ್ಮ ಓವರ್ಸಿಯರು ಕೆಟ್ಟವರಲ್ಲ. ನಶ್ಯ ಏರಿಸಿಕೊಂಡರು. "ಮಳೆಯಿಂದ ಬಿತ್ತು ಅಂತ ಬರಿಯಯ್ಯ. ಮಳೆ ಬಂದು ಕಚೇರೀಲಿ ಜವಾಬು ಕೊಡೋಲ್ಲ" ಎಂದರು. ಬರೆದೆ. ಒಂದೇ ಗೋಡೆಯ ಬಗ್ಗೆ ನಾನು ಎರಡು ಸುಳ್ಳು ಬರೆದವನು. ಮೊದಲನೆಯದನ್ನು ತಿಳಿಯದೆ, ಎರಡನೆಯದನ್ನು ತಿಳಿದು.

ಮೂರನೆಯದನ್ನು ಬರೆಯಲಿಲ್ಲ.

ಆಮೇಲೆ ನೋಡಿದ ಮೊದಲ ಮನೆಯಲ್ಲೂ ಅಡುಗೆಮನೆಗೆ ಬಿಡಲಿಲ್ಲ. ನಕ್ಷೆಯಲ್ಲಿ ಆ ಕೋಣೆಯ ನಾಲ್ಕು ಗೆರೆ ಎಳೆದು ಒಳಗೆ ಖಾಲಿ ಬಿಟ್ಟೆ. ಕೆಳಗೆ "ತೋರಿಸಲಿಲ್ಲ, ನೋಡಲಿಲ್ಲ" ಎಂದು ಬರೆದೆ. ಓವರ್ಸಿಯರು ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿದರು, ಅಲ್ಲೇನಾದರೂ ಬರೆದಿದ್ದೇನೋ ಎಂದು. ಈ ಮನೆಯವರು ಉಪವಾಸ ಇರುತ್ತಾರಾ, ಅಡುಗೆಮನೆ ಇಲ್ಲವಾ ಎಂದು ಕೇಳಿದರು. ಇದೆ ಸ್ವಾಮಿ, ನಾನು ನೋಡಿಲ್ಲ ಎಂದೆ. ಹೊರಗಿನ ಅಳತೆಯಿಂದ ಲೆಕ್ಕ ಹಾಕಿ ಬರೆ ಎಂದರು. ಅಳತೆ ಬರೆಯುತ್ತೇನೆ, ಸ್ಥಿತಿ ಬರೆಯುವುದಿಲ್ಲ ಎಂದೆ. ಅವರು ಅದನ್ನು ಹಾಗೇ ಇಟ್ಟುಕೊಂಡರು. ವಾರ ಕಳೆದು ಆ ಮನೆಯವರೇ, ಬಂದು ನೋಡಿಕೊಂಡು ಹೋಗಿ ಎಂದು ಹೇಳಿಕಳಿಸಿದರು. ಮನೆ ಮಾರಲೇಬೇಕಾದವರು ಬಾಗಿಲು ತೆಗೆಯುತ್ತಾರೆ ಎಂಬುದು ನನಗೆ ಆಗ ಗೊತ್ತಾಯಿತು.

ಎಲ್ಲರೂ ಸುಲಭವಾಗಿ ತೆಗೆಯುತ್ತಿರಲಿಲ್ಲ. ಕೃಷ್ಣರಾಜನಗರ ಆಗ ಹೊಸ ಊರು. ಹೊಳೆ ನುಗ್ಗಿದ ಮೇಲೆ ಎಡತೊರೆಯ ಜನ ತಮ್ಮ ಹಳೆ ಮನೆಗಳ ಮರ ಬಿಚ್ಚಿ ತಂದು ಅಲ್ಲಿ ಕಟ್ಟಿಕೊಂಡಿದ್ದರು. ನೀರು ಕುಡಿದ ತೊಲೆಗೆ ಎಣ್ಣೆ ಬಳಿದು ಹೊಸದು ಎನ್ನುವವರಿದ್ದರು. ಅಲ್ಲೊಂದು ಮನೆಯಲ್ಲಿ ಒಬ್ಬ ಅಜ್ಜಿ ನನ್ನನ್ನು ಒಳಗೆ ಬಿಟ್ಟರು. ಆದರೆ ನಾನು ಇಟ್ಟ ಹೆಜ್ಜೆ ಹೆಜ್ಜೆಗೂ ಹಿಂದಿನಿಂದ ಸಗಣಿ ನೀರು ಚಿಮುಕಿಸುತ್ತ ಬಂದರು. ನಾನು ಮೇಲೆ ನೋಡುತ್ತಿದ್ದೆ, ಅವರು ಕೆಳಗೆ ನೋಡುತ್ತಿದ್ದರು. ಕೊನೆಗೆ ಸಗಣಿ ನೀರಿನ ತಟ್ಟೆ ಕೆಳಗಿಟ್ಟು, ತಾನು ಮಲಗುವುದು ಆ ತೊಲೆಯ ಕೆಳಗೆ, ಅದು ನಿಲ್ಲುತ್ತದೆಯೇನಪ್ಪ ಎಂದು ಮೆಲ್ಲಗೆ ಕೇಳಿದರು. ಮಂಚ ಆಚೆ ಹಾಕಿಕೊಳ್ಳಿ ಅಜ್ಜಿ ಎಂದೆ. ಆವತ್ತೇ ಹಾಕಿಸಿಕೊಂಡರಂತೆ. ಅವರ ಸಗಣಿ ನೀರಿನ ಬಗ್ಗೆ ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು. ಆದರೂ ಹೇಳಬೇಕಾದ್ದನ್ನು ಹೇಳಿದೆ.

ಈಗ ಪಿರಿಯಾಪಟ್ಟಣದ ವಿಷಯ. ಛೀಮಾರಿ ಬಂದದ್ದು ಇದರಿಂದ.

ಅಲ್ಲಿನ ಆಸ್ಪತ್ರೆಯಲ್ಲಿ ಚಿಕ್ಕತಾಯಮ್ಮ ಎಂದು ಸೂಲಗಿತ್ತಿ. ಗಂಡ ಸತ್ತು ಬಹಳ ವರ್ಷ, ಮಕ್ಕಳಿಲ್ಲ. ಆ ಪಟ್ಟಣದ ಅರ್ಧ ಮಕ್ಕಳನ್ನು ಕೈಯಲ್ಲಿ ಹಿಡಿದು ತೆಗೆದವರು. ಆದರೆ ಮೈಲಿಗೆಯ ಕೆಲಸದವಳು ಎಂದು ಒಳ್ಳೆಯ ಬೀದಿಯಲ್ಲಿ ಒಂದು ಕೋಣೆಯನ್ನೂ ಯಾರೂ ಬಾಡಿಗೆಗೆ ಕೊಟ್ಟಿರಲಿಲ್ಲ. ಆಸ್ಪತ್ರೆಯ ಹಿಂದಿನ ಸೌದೆ ಕೊಟ್ಟಿಗೆಯನ್ನೇ ಮನೆ ಮಾಡಿಕೊಂಡಿದ್ದರು. ಕೆಲಸ ಮುಗಿದ ದಿನ ಅದೂ ಹೋಗುತ್ತಿತ್ತು. ಅದಕ್ಕೆ ಇನ್ನು ಎರಡು ವರ್ಷ ಇತ್ತು. ಅಷ್ಟರೊಳಗೆ ತಲೆಯ ಮೇಲೆ ತನ್ನದು ಎಂಬ ಒಂದು ಹಂಚು ಬೇಕು ಎಂಬುದೊಂದೇ ಅವರ ಹಂಬಲ. ಮೈಸೂರಿಗೆ ಹೊರಟಿದ್ದ ಒಬ್ಬ ಜವಳಿ ವ್ಯಾಪಾರಿ ತನ್ನ ಮನೆಯನ್ನು ಅವರಿಗೆ ಕೊಡಲು ಒಪ್ಪಿದ್ದರು. ಅವರಿಗೆ ಮನೆ ಮಾರಲು ಒಪ್ಪಿದವರು ಆ ಊರಿನಲ್ಲಿ ಆ ವ್ಯಾಪಾರಿಯೊಬ್ಬರೇ. ಮುಂಗಡಕ್ಕೆ ಅರ್ಜಿ ಹೋಗಿತ್ತು. ನಮ್ಮ ಪತ್ರ ಬೇಕಿತ್ತು.

ನಾನು ಹೋದೆ. ಮುಂದಿನ ಭಾಗವೆಲ್ಲ ಗಟ್ಟಿ. ಅಡುಗೆಮನೆಯ ಹೊಸಿಲಲ್ಲಿ ವ್ಯಾಪಾರಿಯ ತಾಯಿ ಮಣೆ ಹಾಕಿಕೊಂಡು ಕೂತಿದ್ದರು. ಎದ್ದೇಳಲಿಲ್ಲ. ತಾವು ಆ ಮನೆಯಲ್ಲಿ ಇರುವ ತನಕ ಆ ಒಲೆಯ ಹತ್ತಿರ ಯಾರೂ ಬರಕೂಡದು, ಹೋದ ಮೇಲೆ ಏನಾದರೂ ಮಾಡಿಕೊಳ್ಳಿ ಎಂದರು. ಒಂದು ಹೊತ್ತು ಒಲೆ ಆರಿಸಿ, ಪಾತ್ರೆಗಳನ್ನು ಈಚೆ ಇಡಿಸಿ, ಆಮೇಲೆ ತೊಳೆಸಿಕೊಳ್ಳಿ ಎಂದು ಬೇಡಿಕೊಂಡೆ. ಆಗಲಿಲ್ಲ. ಕ್ರಯ ಆಗುವ ಮುಂಚೆ ಅವರು ಮನೆ ಬಿಡುವುದಿಲ್ಲ. ಪತ್ರ ಬರುವ ಮುಂಚೆ ಕ್ರಯ ಆಗುವುದಿಲ್ಲ. ವ್ಯಾಪಾರಿ ಕೈ ಹಿಸುಕಿಕೊಂಡು ನಿಂತಿದ್ದರು, ತಾಯಿಯ ಎದುರು ಮಾತಾಡುವವರಲ್ಲ.

ಚಿಕ್ಕತಾಯಮ್ಮ ಬೀದಿಯಲ್ಲಿ ನಿಂತು ಕಾಯುತ್ತಿದ್ದರು. ಹೀಗಾಯಿತು ಎಂದೆ.

"ಬರ್ದುಬುಡಿ ಮೇಸ್ತ್ರಪ್ಪ" ಎಂದರು. "ಗ್ವಾಡೆ ಸಂದಾಗೇ ಇರ್ತದೆ. ಅವರೇನು ಬೀಳೋ ಮನೇಲಿ ಅಡುಗೆ ಮಾಡ್ಕಂಡು ಉಣ್ತಾ ಕೂತಿದ್ದಾರಾ?"

ನೀವೇ ಒಳಗೆ ಹೋಗಿ ನೋಡಬಹುದಾ, ಈ ಮನೆಯಲ್ಲಿ ಹೆರಿಗೆ ಮಾಡಿಸಿದ್ದೀರಲ್ಲ ಎಂದು ಕೇಳಿದೆ. ಅವರು ನಕ್ಕರು.

"ಮೂರು ಮಾಡ್ಸಿವ್ನಿ. ಹೆರಿಗೆ ಕ್ವಾಣೇಲಿ ನನ್ನ ಕೈ ಬೇಕು ಇವರಿಗೆ. ಒಲೆತಾವ ನನ್ನ ಕಾಲು ಬ್ಯಾಡ."

ನಾನು ಸಾಕಮ್ಮನವರ ವಿಷಯ ಹೇಳಿದೆ. ಬೀದಿಯಲ್ಲಿ ನಿಂತು, ಮೊದಲಿಂದ ಕೊನೆಯ ತನಕ, ಸೌಟನ್ನೂ ಬಿಡದೆ. ಅವರು ಪೂರ್ತಿ ಕೇಳಿದರು. ಕೇಳಿ ಹೇಳಿದ್ದು ಇಷ್ಟು: "ಆಯಮ್ಮಂಗೆ ಬೀಳೋಕಾದ್ರೂ ಒಂದು ಗ್ವಾಡೆ ಇತ್ತು." ತಿರುಗಿ ಹೋದರು.

ಆ ಮಾತು ನನಗೆ ಈಗಲೂ ಕೇಳಿಸುತ್ತದೆ. ಆದರೂ ಆ ಸಂಜೆ ನಕ್ಷೆಯಲ್ಲಿ ಅಡುಗೆಮನೆಯನ್ನು ಖಾಲಿ ಬಿಟ್ಟೆ. ಈ ಸಲ ಸುಲಭವಾಗಿರಲಿಲ್ಲ. ಮುಂಚಿನ ಮನೆಗಳಲ್ಲಿ ಸಿಟ್ಟಾಗುತ್ತಿದ್ದವರು ಮಾರುವವರು. ಈಗ ಯಾರಿಗಾಗಿ ಖಾಲಿ ಬಿಡುತ್ತಿದ್ದೆನೋ ಅವರೇ ತುಂಬು ಎನ್ನುತ್ತಿದ್ದರು.

ಓವರ್ಸಿಯರು ಮೊದಲು ಬುದ್ಧಿ ಹೇಳಿದರು. ಆಮೇಲೆ ಕೂಗಾಡಿದರು. ಒಬ್ಬ ಬಡ ಹೆಂಗಸಿನ ಬಾಯಿಗೆ ಮಣ್ಣು ಹಾಕುತ್ತೀಯಾ ಎಂದರು. ಅವರು ತಾವೇ ತುಂಬಬಹುದಿತ್ತು. ಆದರೆ ನೋಡಿ ಬಂದವನ ಕೈಬರಹವೇ ಇರಬೇಕು ಎಂಬ ನಿಯಮ ಇತ್ತು. ವ್ಯಾಪಾರಿಯ ಕಡೆಯವರು ತಮ್ಮ ಮನೆಗೆ ಅವಮಾನವಾಯಿತು ಎಂದು ಮೇಲಿನವರಿಗೆ ದೂರು ಬರೆದರು. ಚಿಕ್ಕತಾಯಮ್ಮನೂ ಅದಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಅದನ್ನು ನಾನು ಕಂಡೆ.

ಮೈಸೂರಿನಿಂದ ಎಂಜಿನಿಯರು ಬರಲು ಎರಡು ತಿಂಗಳು ಹಿಡಿಯಿತು. ಅವರನ್ನು ಆ ತಾಯಿ ಒಳಗೆ ಬಿಟ್ಟರು. ಅವರು ಬಿಡಬಹುದಾದ ಜಾತಿಯವರು. ನಾನು ಹೊಸಿಲ ಈಚೆ ನಿಂತೆ. ಎಂಜಿನಿಯರು ನನ್ನ ದಬ್ಬಳವನ್ನೇ ಇಸಿದುಕೊಂಡು ಒಲೆಯ ಹಿಂದೆ ಐದು ಕಡೆ ಚುಚ್ಚಿದರು. ನನಗೆ ಕಾಣುತ್ತಿರಲಿಲ್ಲ, ದನಿ ಕೇಳುತ್ತಿತ್ತು. ಐದೂ ಸಲ ದಬ್ಬಳ ಕಲ್ಲಿಗೆ ತಾಗಿದ ಹಾಗೆ ಟಣ್ ಎಂದಿತು.

ಗೋಡೆ ಗಟ್ಟಿಯಾಗಿತ್ತು. ಇದನ್ನು ನಾನು ಮುಚ್ಚಿಡುವುದಿಲ್ಲ. ಅದು ಸುಟ್ಟ ಇಟ್ಟಿಗೆಯ, ಒಳ್ಳೆಯ ಗಾರೆಯ ಗೋಡೆ. ನಾನು ಆ ಪಟ್ಟಣದಲ್ಲಿ ನೋಡಿದ ಮನೆಗಳಲ್ಲೇ ಒಳ್ಳೆಯದು ಇರಬಹುದು. ನೋಡಿದ ಎಂದು ಬರೆದೆ, ಅದು ತಪ್ಪು. ನಾನು ಅದನ್ನು ನೋಡಿಲ್ಲ.

ಎಂಜಿನಿಯರು ಈಚೆ ಬಂದು ದಬ್ಬಳ ವಾಪಸ್ಸು ಕೊಟ್ಟರು. ನಕ್ಷೆಯನ್ನು ಜಗುಲಿಯ ಮೇಲೆ ಹರಡಿದರು. ಎಲ್ಲರೂ ಇದ್ದರು, ಓವರ್ಸಿಯರು, ವ್ಯಾಪಾರಿ, ಸ್ವಲ್ಪ ದೂರದಲ್ಲಿ ಚಿಕ್ಕತಾಯಮ್ಮ.

"ಗೋಡೆ ಚೆನ್ನಾಗಿದೆ. ಈಗ ತುಂಬು" ಎಂದರು.

"ತಾವು ನೋಡಿದ್ದೀರಿ ಸ್ವಾಮಿ. ತಾವು ಬರೆಯಿರಿ."

"ಚೆನ್ನಾಗಿದೆ ಅಂತ ನಾನೇ ಹೇಳ್ತಾ ಇದ್ದೀನಿ."

"ತಾವು ಹೇಳಿದ್ದು ನಿಜ ಇರ್ತದೆ ಸ್ವಾಮಿ. ನಾನು ನೋಡಿಲ್ಲ."

ಅವರು ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ತಾವೇ ತುಂಬಿದರು. ಕೆಳಗೆ ತಮ್ಮ ಹೆಸರು ಬರೆದರು. ಅದು ಸರಿ. ಯಾರು ನೋಡಿದರೋ ಅವರು ಬರೆಯಬೇಕು. ನನಗೆ ಬೇಕಿದ್ದುದು ಅಷ್ಟೇ. ಅವರು ಸಿಟ್ಟಿನಿಂದ ಬರೆದರು, ಆದರೆ ಸರಿಯಾದುದನ್ನೇ ಮಾಡಿದರು.

ಆದರೆ ಪತ್ರ ಹೊರಡುವಷ್ಟರಲ್ಲಿ ವ್ಯಾಪಾರಿಯ ತಾಯಿ ಮನಸ್ಸು ಬದಲಿಸಿದ್ದರು. ಮೂರು ತಿಂಗಳು ತಮ್ಮ ಹೊಸಿಲಲ್ಲಿ ರಂಪ ಆಯಿತು ಎಂದು, ತಮ್ಮವರಲ್ಲೇ ಒಬ್ಬರಿಗೆ ಮನೆ ಬರೆಸಿಬಿಟ್ಟರು. ಚಿಕ್ಕತಾಯಮ್ಮನಿಗೆ ಮನೆ ತಪ್ಪಿತು. ಗೋಡೆ ಗಟ್ಟಿಯಾಗಿದ್ದ ಮನೆ, ನನ್ನಿಂದ ತಪ್ಪಿತು. ಹೌದು. ಇದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ. ನನಗೆ ಛೀಮಾರಿ ಬಂತು, ಹೆಗ್ಗಡದೇವನಕೋಟೆಗೆ ವರ್ಗ ಆಯಿತು. ಹೊರಡುವ ದಿನ ಆಸ್ಪತ್ರೆಯ ಹಿಂದೆ ಹೋಗಿ ಕೊಟ್ಟಿಗೆಯ ಬಾಗಿಲ ಮುಂದೆ ನಿಂತೆ. ಅವರು ಒಳಗಿದ್ದರು. ಈಚೆ ಬರಲಿಲ್ಲ.

ಮತ್ತೆ ಅಂಥದೇ ಮನೆ, ಅಂಥದೇ ಹೊಸಿಲು ಸಿಕ್ಕಿದರೆ ಏನು ಮಾಡುತ್ತೀಯ ಎಂದು ಆಗ ಹಲವರು ಕೇಳಿದರು. ಖಾಲಿ ಬಿಡುತ್ತೇನೆ ಎಂದೆ. ಈಗಲೂ ಅದೇ ಹೇಳುತ್ತೇನೆ. ನೋಡದ ಗೋಡೆ ಗಟ್ಟಿ ಇದ್ದದ್ದು ಆ ಗೋಡೆಯ ಒಳ್ಳೆಯತನ. ನಾನು ಬರೆದಿದ್ದರೆ ಅದು ನನ್ನ ಒಳ್ಳೆಯತನ ಆಗುತ್ತಿರಲಿಲ್ಲ. ಹುಣಸೂರಿನಲ್ಲಿ ಬರೆದದ್ದೂ ಪಿರಿಯಾಪಟ್ಟಣದಲ್ಲಿ ಬರೆಯಬಹುದಾಗಿದ್ದುದೂ ಒಂದೇ ಮಾತು, ಒಂದೇ ಕೈ. ಒಂದು ಗೋಡೆ ಬಿತ್ತು, ಒಂದು ನಿಂತಿತು. ಅದರಲ್ಲಿ ನನ್ನ ಕೈವಾಡ ಏನೂ ಇಲ್ಲ.

ಕೋಟೆಯ ಕಡೆ ಶಿಕ್ಷೆಯ ಜಾಗ ಎನ್ನುತ್ತಿದ್ದರು, ಕಾಡು, ಚಳಿಜ್ವರ ಎಂದು. ನನಗೆ ಅಲ್ಲಿ ಕಲಿಯುವುದು ಬಹಳ ಸಿಕ್ಕಿತು. ಹಂಪಾಪುರದ ಹೋಬಳಿಯಲ್ಲಿ ಒಕ್ಕಲ ಮನೆಗಳಲ್ಲಿ ದನ ಒಳಗೇ ಕಟ್ಟುತ್ತಿದ್ದರು. ಗಂಜಲ ಬಿದ್ದ ಕಡೆ ಗೋಡೆಯ ಬುಡ ಉಪ್ಪು ಕಾರಿ ಪುಡಿಯಾಗುತ್ತದೆ. ಕೈಯಿಂದ ಸವರಿ ನಾಲಿಗೆಗೆ ಮುಟ್ಟಿಸಿದರೆ ಗೊತ್ತಾಗುತ್ತದೆ. ನಾನು ಗೋಡೆ ನೆಕ್ಕಿದ್ದನ್ನು ನೋಡಿ ಒಬ್ಬಾಕೆ, ಮನೇಲಿ ಉಪ್ಪು ಹಾಕಾಕಿಲ್ವಾ ನಿಮ್ಮೆಂಡ್ರು ಎಂದು ಕೇಳಿದ್ದಳು. ಆಮೇಲಿನ ವರ್ಷಗಳಲ್ಲಿ ಸಿಮೆಂಟು ಬಂತು. ಹೊಸಬರು ಇದನ್ನು ಗಮನಿಸಬೇಕು. ಮಣ್ಣಿನ ಗೋಡೆಗೆ ಸ್ವಲ್ಪ ಸಿಮೆಂಟು ಮೆತ್ತಿದರೆ ದಬ್ಬಳ ಇಳಿಯುವುದಿಲ್ಲ, ತಟ್ಟಿದರೆ ಗಟ್ಟಿ ದನಿ ಬರುತ್ತದೆ. ಒಳಗೆ ಗೋಡೆ ಬೆವತು ಕೊಳೆಯುತ್ತಿರುತ್ತದೆ. ಆಗ ಗೋಡೆಯ ಬುಡದಲ್ಲಿ ಒಂದು ಮೊಳ ನೆಲ ತೋಡಿಸಬೇಕು. ತೋಡಲು ಬಿಡದಿದ್ದರೆ, ತೋಡಲಿಲ್ಲ ಎಂದು ಬರೆಯಬೇಕು.

ನಮ್ಮ ಓವರ್ಸಿಯರು ಕೊನೆಯ ತನಕ ನನ್ನನ್ನು ಒಪ್ಪಲಿಲ್ಲ. ಅವರ ನಿವೃತ್ತಿಯ ಸಭೆಗೆ ಕೋಟೆಯಿಂದ ಹೋಗಿದ್ದೆ. ಹಾರ ಹಾಕಿಸಿಕೊಂಡು ಮಾತಾಡುವಾಗ, ನಮ್ಮ ಚಲುವಯ್ಯ ಮನೆ ಕಟ್ಟಿಸಿದರೆ ಅದರಲ್ಲಿ ಅಡುಗೆಮನೆಯೇ ಇರುವುದಿಲ್ಲ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದೇ ವರ್ಷ ಪಿರಿಯಾಪಟ್ಟಣದಿಂದ ಒಬ್ಬ ಗಾಡಿಯವನ ಕೈಯಲ್ಲಿ ಹೇಳಿಕಳಿಸಿದರು: ಚಿಕ್ಕತಾಯಮ್ಮ ಒಂದು ಮನೆ ನೋಡಿದ್ದಾರೆ, ಬರಬೇಕಂತೆ. ಅದು ನನ್ನ ತಾಲ್ಲೂಕಲ್ಲ. ಅವರಿಗೆ ಕಚೇರಿಯ ಪತ್ರವೂ ಬೇಕಿರಲಿಲ್ಲ. ಕೆಲಸ ಮುಗಿದಿತ್ತು, ಕೈಯಲ್ಲಿದ್ದ ದುಡ್ಡಿನಲ್ಲೇ ಕೊಳ್ಳುತ್ತಿದ್ದರು. ನಾನು ರಜೆ ಹಾಕಿ ಹೋದೆ.

ಊರ ಹೊರಗಿನ ಸಣ್ಣ ಮನೆ. ಇದ್ದವರು ಬಿಟ್ಟು ಹೋಗಿದ್ದರು. ಬೀಗದ ಕೈ ಅವರ ಸೆರಗಿನಲ್ಲಿತ್ತು. ಬಾಗಿಲು ತೆಗೆದು ಪಕ್ಕಕ್ಕೆ ನಿಂತರು.

"ಒಲೆತಾವಿಂದ ಸುರು ಮಾಡಿ" ಎಂದರು.

ನನ್ನನ್ನೇ ಯಾಕೆ ಕರೆಸಿದಿರಿ, ನನ್ನಿಂದ ನಿಮಗೆ ಮನೆ ತಪ್ಪಿತಲ್ಲ ಎಂದು ಕೇಳಿದೆ.

"ತಪ್ತು. ಬೋ ಬೈದಿವ್ನಿ ನಿಮ್ಮನ್ನ" ಎಂದರು. "ಆದ್ರೆ ಅವತ್ತು ನೀವು ಬರ್ದುಬುಟ್ಟಿದ್ರೆ, ಇವತ್ತು ನಿಮ್ಮ ಮಾತು ಕಟ್ಕಂಡು ನಾನೇನು ಮಾಡ್ಲಿ?"

ಒಲೆಯ ಹಿಂದಿನ ಗೋಡೆಗೆ ದಬ್ಬಳ ಚುಚ್ಚಿದೆ. ಹಿಡಿಯ ತನಕ ಹೋಯಿತು. ಹುಣಸೂರಿನ ಹಾಗೆಯೇ, ಆಚೆ ಬಚ್ಚಲು, ಈಚೆ ಹಸಿ ಇಟ್ಟಿಗೆ. ದಬ್ಬಳವನ್ನು ಗೋಡೆಯಲ್ಲೇ ಬಿಟ್ಟು ಅವರನ್ನು ಕರೆದು ತೋರಿಸಿದೆ. ಅವರು ಅದನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿದರು. ಉಳಿದದ್ದು ಹೇಗಿದೆ ಎಂದು ಕೇಳಿದರು. ಉಳಿದದ್ದೆಲ್ಲ ನೋಡಿ, ಚೆನ್ನಾಗಿದೆ ಎಂದೆ. ಹಾಗಾದರೆ ಇದೊಂದನ್ನು ಕೆಡವಿಸಿ ಕಟ್ಟಿಸೋಣ ಎಂದರು.

ಎಂಟು ದಿನ ರಜೆ ಮುಂದುವರಿಸಿದೆ. ಬಚ್ಚಲನ್ನು ಹಿತ್ತಲಿನ ಮೂಲೆಗೆ ಹಾಕಿಸಿದೆ. ಗೋಡೆಯ ಬುಡಕ್ಕೆ ಮೂರು ವರಸೆ ಕಲ್ಲು, ಮೇಲೆ ಸುಟ್ಟ ಇಟ್ಟಿಗೆ. ಮೊದಲ ಕಲ್ಲನ್ನು ನಾನೇ ಕೂರಿಸಿದೆ, ಅಪ್ಪ ಕಲಿಸಿದ ಹಾಗೆ, ತಟ್ಟಿ ಕೇಳಿ. ಆಮೇಲೆ ಕೂತು ಆ ಮನೆಯ ನಕ್ಷೆ ಬರೆದೆ. ಯಾವ ಕಚೇರಿಗೂ ಹೋಗಬೇಕಾದ ಕಾಗದ ಅಲ್ಲ. ಒಂದು ಕೋಣೆಯನ್ನೂ ಖಾಲಿ ಬಿಡದೆ ತುಂಬಿದೆ. ಅವರು ಅದನ್ನು ಮಡಚಿ ಅಕ್ಕಿಯ ಡಬ್ಬದಲ್ಲಿ ಇಟ್ಟರು.

ಒಲೆ ಹಚ್ಚಿದ ದಿನ ಊಟಕ್ಕೆ ಕರೆದರು. ನಾನು ನಡುಮನೆಯಲ್ಲಿ ಕೂರಲು ಹೋದೆ. ಅಲ್ಲಲ್ಲ ಎಂದು ಅಡುಗೆಮನೆಯಲ್ಲಿ, ಒಲೆಯ ಪಕ್ಕದಲ್ಲಿ, ಚಾಪೆ ಹಾಸಿದರು. ಈ ಊಟದ ಬಗ್ಗೆ ಆಮೇಲೆ ನಮ್ಮವರಲ್ಲಿ ಮಾತು ಬಂತು. ಬರಲಿ ಎಂದು ಬಿಟ್ಟೆ. ಹುಣಸೂರಿನ ಆ ಮಧ್ಯಾಹ್ನದಿಂದ ನನಗೊಂದು ಅಭ್ಯಾಸ ಅಂಟಿಕೊಂಡಿತ್ತು. ಯಾರ ಮನೆಯಲ್ಲಿ ಕೂತರೂ ಗೋಡೆಯಿಂದ ಒಂದು ಮೊಳ ಈಚೆ ಕೂರುತ್ತಿದ್ದೆ. ಅಲ್ಲಿಯೂ ಹಾಗೇ ಕೂತೆ. ಚಿಕ್ಕತಾಯಮ್ಮ ಮುದ್ದೆ ಬಡಿಸಿ, ನನ್ನ ಬೆನ್ನಿಗೂ ಗೋಡೆಗೂ ನಡುವಿನ ಜಾಗ ನೋಡಿದರು.

"ಒರಗ್ಕಳಿ ಮೇಸ್ತ್ರಪ್ಪ" ಎಂದರು. "ಇದು ನೋಡಿರೋ ಗ್ವಾಡೆ."

ನಾನು ಹಿಂದಕ್ಕೆ ಸರಿದು ಒರಗಿಕೊಂಡೆ.